ಮದ್ದಿನ ಚೀಟಿಯಲ್ಲಿ ಮನಸ್ಸಿಗೂ ಒಂದು ಸಾಲು

ಕರಾವಳಿಯ ಹಳ್ಳಿಗಳಲ್ಲಿ "ಮನಸ್ಸಿಗೆ ಸೌಖ್ಯವಿಲ್ಲ" ಎಂದು ಹೇಳಿಕೊಂಡು ಡಾಕ್ಟರರಲ್ಲಿಗೆ ಹೋಗುವವರು ಕಡಿಮೆ. ಸೌಖ್ಯ ತಪ್ಪಿದ ಮನಸ್ಸು ಇಲ್ಲಿ ಬೇರೊಂದು ವೇಷ ಕಟ್ಟಿಕೊಂಡೇ ರಂಗಸ್ಥಳಕ್ಕೆ ಬರುತ್ತದೆ. ಕೆಲವರಲ್ಲಿ ಅದು "ಗ್ಯಾಸ್ಟ್ರಿಕ್", ಕೆಲವರಲ್ಲಿ ತಲೆತಿರುಗು, ಇನ್ನು ಕೆಲವರಲ್ಲಿ ಎದೆ ಡಬಡಬ, ಕೈಕಾಲು ಸೆಳೆತ. ವೇಷಕ್ಕೆ ತಕ್ಕ ಮದ್ದೂ ಸಿಗುತ್ತದೆ. ಆದರೆ ವೇಷದ ಒಳಗೆ ಇರುವವರು ಯಾರೆಂದು ಚೌಕಿಗೆ ಹೋಗಿ ನೋಡುವವರಿಲ್ಲ. ಹಾಗೆ ನೋಡದೆ ಬಿಟ್ಟದ್ದಕ್ಕೆ ತೆರುವ ಬೆಲೆ ಎಷ್ಟು? ಈ ಪ್ರಶ್ನೆಯನ್ನು ಡಾಕ್ಟರರಿಗಿಂತ ಮೊದಲು ಕೇಳಬೇಕಾದವರು ಮನೆಯ ಲೆಕ್ಕ ಬರೆಯುವವರು. ಏಕೆಂದರೆ ಆ ಬೆಲೆ ಹೋಗುವುದು ಅವರ ಕಿಸೆಯಿಂದ.

ಕಾರ್ಕಳದಿಂದ ಹೆಬ್ರಿಗೆ ಹೋಗುವ ಹಾದಿಯಲ್ಲಿ ಸಿಗುವ ಅಜೆಕಾರಿನ ಆಸುಪಾಸಿನ ಒಂದು ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಗೆ ಹೆಸರು ಬೇಡ. ಹೆಸರಿಟ್ಟರೆ ಹತ್ತು ಮನೆಯವರು "ಇದು ನಮ್ಮದೇ ಕಥೆ" ಎಂದಾರು. ನಿಜಕ್ಕೂ ಅಂಥ ಹತ್ತು ಮನೆಗಳನ್ನು ಕೂಡಿಸಿ ಕಟ್ಟಿದ ಮನೆಯೇ ಇದು. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಾರೆ. ತಾಯಿ ಬೀಡಿ ಕಟ್ಟುತ್ತಾರೆ. ಜೊತೆಗೆ ಒಂದು ದನ, ಅಂಗಳದಲ್ಲಿ ನಾಲ್ಕು ಮಲ್ಲಿಗೆ ಗಿಡ. ಒಳಗಿನ ಕೋಣೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ. ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಒಳ್ಳೆಯ ಅಂಕ ಬಂತೆಂದು ಪಿಯುಸಿ ವಿಜ್ಞಾನಕ್ಕೆ ಸೇರಿದವನು. ಬೆಳಗ್ಗಿನ ಬಸ್ಸಿಗೆ ಹೊರಟರೆ ಮನೆ ಸೇರುವಾಗ ಕತ್ತಲೆ. ನಡುವೆ ಕಾಲೇಜು, ಕಾಲೇಜಿನ ಮೇಲೆ ಕೋಚಿಂಗು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ಬೆಳಗ್ಗೆ ಕಾಫಿ ಕುಡಿದ ಕೂಡಲೇ ಹೊಕ್ಕುಳ ಸುತ್ತ ಹಿಂಡಿದ ಹಾಗೆ. ಎರಡು ದಿನ ಜೀರಿಗೆ ಕಷಾಯ, ಮೂರನೆಯ ದಿನ ಪೇಟೆಯ ಮೆಡಿಕಲ್ಲಿನ ಗುಳಿಗೆ. ಆಮೇಲೆ ಊರಿನ ಡಾಕ್ಟರರು. ಅವರು ಗ್ಯಾಸ್ಟ್ರಿಕ್ಕಿನ ಮಾತ್ರೆ ಬರೆದರು, ಖಾರ ಬಿಡಿಸಿದರು. ತಿಂಗಳಾದರೂ ವಾಸಿಯಾಗದೆ ಕಾರ್ಕಳಕ್ಕೆ ಹೋದರು. ಅಲ್ಲಿ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್. ಎಲ್ಲವೂ ನಾರ್ಮಲ್. ಉಡುಪಿಯಲ್ಲಿ ಹೊಟ್ಟೆಯ ತಜ್ಞರು ಇದ್ದಾರೆಂದು ಯಾರೋ ಹೇಳಿದರು. ಅಲ್ಲಿ ಎಂಡೋಸ್ಕೋಪಿ. ಅದೂ ನಾರ್ಮಲ್. ನಡುವೆ ಜೋಯಿಸರಲ್ಲಿ ಪ್ರಶ್ನೆ ಕೇಳಿದ್ದಾಯಿತು, ದೈವಕ್ಕೆ ಹರಕೆ ಹೇಳಿದ್ದಾಯಿತು. ತಂದೆ ಮುಂಬಯಿಯಿಂದ ಫೋನಿನಲ್ಲಿ, "ದುಡ್ಡಿನ ಮುಖ ನೋಡಬೇಡ, ದೊಡ್ಡ ಆಸ್ಪತ್ರೆಗೇ ತೋರಿಸು" ಎಂದರು.

ಆ ತಾಯಿಗೆ ಲೆಕ್ಕ ಬರೆದಿಡುವ ಅಭ್ಯಾಸ. ಬೀಡಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಮಗನ ಮದ್ದಿನ ಲೆಕ್ಕ ಬೆಳೆಯುತ್ತ ಹೋಯಿತು. ಡಾಕ್ಟರರ ಫೀಸು, ಮಾತ್ರೆ, ಪರೀಕ್ಷೆ, ಬಸ್ಸು, ಅಲ್ಲಿಯ ಊಟ, ಬೇಗ ಮುಟ್ಟಬೇಕೆಂದು ಹಿಡಿದ ರಿಕ್ಷಾ. ಅವರು ಬರೆಯದೆ ಬಿಟ್ಟದ್ದು ಒಂದುಂಟು. ಆಸ್ಪತ್ರೆಗೆ ಹೋದ ಒಂದೊಂದು ದಿನವೂ ಬೀಡಿ ಕಟ್ಟಲಾಗಲಿಲ್ಲ. ಆ ದಿನಗಳ ಮಜೂರಿ ಪುಸ್ತಕದ ಎದುರು ಭಾಗದಲ್ಲಿ ಖಾಲಿ ಗೆರೆಯಾಗಿ ಉಳಿಯಿತು. ಅರ್ಥಶಾಸ್ತ್ರಜ್ಞರು ಈ ಖಾಲಿ ಗೆರೆಗೂ ಬೆಲೆ ಕಟ್ಟುತ್ತಾರೆ. ಕಾಯಿಲೆಯ ಖರ್ಚೆಂದರೆ ಬಿಲ್ಲಿನಲ್ಲಿ ಇರುವುದಷ್ಟೇ ಅಲ್ಲ, ಕಾಯಿಲೆಯಿಂದಾಗಿ ದುಡಿಯದೆ ಹೋದ ದಿನವೂ ಖರ್ಚೇ ಎಂಬುದು ಅವರ ಸೂತ್ರ.

ಕೊನೆಗೆ ಒಬ್ಬರು ಡಾಕ್ಟರರು ಫೈಲನ್ನೆಲ್ಲ ತಿರುವಿ ನೋಡಿ, ಯಂತ್ರದ ಅಗತ್ಯವೇ ಇಲ್ಲದ ಒಂದು ಪರೀಕ್ಷೆ ಮಾಡಿದರು. "ಭಾನುವಾರವೂ ನೋವು ಬರುತ್ತದಾ?" ಎಂದು ಕೇಳಿದರು.

ತಾಯಿ ಒಂದು ಕ್ಷಣ ಯೋಚಿಸಿ, "ಇಲ್ಲ ಡಾಕ್ಟ್ರೇ, ಭಾನುವಾರ ಮಾತ್ರ ಆರಾಮ ಇರ್ತಾನೆ. ಉದಾಸೀನ ಅಂತ ನಾನು ಬೈದದ್ದೂ ಉಂಟು" ಎಂದರು.

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ" ಎಂದು ಡಾಕ್ಟರರು ಹುಡುಗನೊಡನೆ ಕಾಲು ಗಂಟೆ ಮಾತಾಡಿದರು. ಹುಡುಗ ಹೇಳಿದ್ದು ಇಷ್ಟೆ: ಇಂಗ್ಲಿಷಿನ ಪಾಠ ತಲೆಗೆ ಹೋಗುವುದಿಲ್ಲ, ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಬರುವುದಿಲ್ಲ, ಕೋಚಿಂಗಿಗೆ ಅಪ್ಪ ಸಾಲ ಮಾಡಿದ್ದಾರೆ, ಫೇಲಾದರೆ ಮುಖ ತೋರಿಸುವುದು ಹೇಗೆ? ಅದೇ ಕಟ್ಟಡದಲ್ಲಿ, ಎರಡು ಬಾಗಿಲು ಆಚೆ, ಆಪ್ತ ಸಮಾಲೋಚಕಿಯೊಬ್ಬರು ಕೂರುತ್ತಿದ್ದರು. ಹುಡುಗ ಐದಾರು ವಾರ ಅಲ್ಲಿಗೆ ಹೋದ. ನೋವು ಒಮ್ಮೆಲೇ ಓಡಿಹೋಗಲಿಲ್ಲ. ದಿನಕ್ಕೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆಯಾಯಿತು, ಬಂದರೂ ಬಸ್ಸು ತಪ್ಪಿಸುವಷ್ಟು ಇರಲಿಲ್ಲ. ಪುಸ್ತಕದ ಹಿಂಬದಿಯಲ್ಲಿ ಈ ಐದಾರು ವಾರಗಳ ಖರ್ಚು ಅರ್ಧ ಪುಟವನ್ನೂ ತುಂಬಲಿಲ್ಲ. ಅದಕ್ಕೆ ಮುಂಚಿನ ನಾಲ್ಕು ತಿಂಗಳು ಆರು ಪುಟ ನುಂಗಿದ್ದವು.

ಹೊಟ್ಟೆಗೆ ಹೇಗೆ ಗೊತ್ತಾಗುತ್ತದೆ?

ಇಂಥ ನೋವನ್ನು "ಸುಳ್ಳು ನೋವು" ಎನ್ನುವವರಿದ್ದಾರೆ. ಅದು ಸರಿಯಲ್ಲ. ನೋವು ನಿಜವೇ, ಅದರ ಬೇರು ಮಾತ್ರ ಬೇರೆ ಕಡೆ. ಹೆದರಿಕೆಯಾದಾಗ ಮಿದುಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡಿಸುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹೊಟ್ಟೆ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ. ಮಿದುಳಿಗೂ ಕರುಳಿಗೂ ನಡುವೆ ವೇಗಸ್ ಎಂಬ ಉದ್ದನೆಯ ನರವೊಂದಿದ್ದು, ಸುದ್ದಿ ಎರಡೂ ಕಡೆಗೆ ಹೋಗಿಬರುತ್ತಿರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಈ ಏರ್ಪಾಡು ಜೀವ ಉಳಿಸುತ್ತದೆ. ಆದರೆ ದಿನದಿನವೂ ಬೆಳಗ್ಗೆ ಏಳು ಗಂಟೆಗೆ ಕಾಲೇಜಿನ ಬಸ್ಸೇ ನಾಯಿಯಾಗಿ ಕಂಡರೆ ಹೊಟ್ಟೆ ಏನು ಮಾಡೀತು?

ಹಾಗೆಂದು ಪರೀಕ್ಷೆಗಳೆಲ್ಲ ವ್ಯರ್ಥವೆಂದಲ್ಲ. ತೂಕ ಇಳಿಯುವುದು, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಬಿಡದ ಜ್ವರ, ಇಂಥ ಚಿಹ್ನೆಗಳಿದ್ದರೆ ದೇಹದ ಪರೀಕ್ಷೆಗೆ ತಡಮಾಡಲೇಬಾರದು. ಮಾತು ಬರುವುದು ಸರದಿಯ ಬಗ್ಗೆ. ಈಗಿನ ರೂಢಿಯಲ್ಲಿ ದೇಹದ ಪರೀಕ್ಷೆಗಳೆಲ್ಲ ಒಂದೊಂದಾಗಿ ಮುಗಿದು, ಹಣವೂ ಮುಗಿದು, ಬೇರೆ ದಾರಿ ಕಾಣದಾದಾಗ ಮನಸ್ಸಿನ ಸರದಿ ಬರುತ್ತದೆ. ಮೊದಲ ಭೇಟಿಯಲ್ಲೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನಾಗುತ್ತದೆ ಎಂಬುದನ್ನು ಜಗತ್ತಿನ ಹಲವು ಕಡೆ ಪರೀಕ್ಷಿಸಿದ್ದಾರೆ. ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ.

ಸಕಲವಾರದಿಂದ ಬಳ್ಳಾರಿಗೆ

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸ್ಥಾಪನೆಯಾದದ್ದು 1974ರಲ್ಲಿ. ಅದಾಗಿ ಒಂದೆರಡು ವರ್ಷಗಳಲ್ಲೇ ಅಲ್ಲಿಯ ವೈದ್ಯರು ನಗರದ ಹೊರವಲಯದ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರವನ್ನು ತೆರೆದರು. ಅವರ ತರ್ಕ ಸರಳವಾಗಿತ್ತು. ಮನೋವೈದ್ಯರ ಸಂಖ್ಯೆ ಬೆರಳೆಣಿಕೆ, ಹಳ್ಳಿಗಳ ಸಂಖ್ಯೆ ಸಾವಿರಾರು. ಒಬ್ಬೊಬ್ಬ ರೋಗಿಯೂ ಬೆಂಗಳೂರಿಗೆ ಬರಲಿ ಎಂದು ಕಾದರೆ ನಡೆಯುವ ಮಾತಲ್ಲ. ಹಳ್ಳಿಯಲ್ಲಿ ಈಗಾಗಲೇ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಈ ವಿದ್ಯೆಯನ್ನು ಕಲಿಸಿದರೆ ಹೇಗೆ?

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಿ ನೋಡುವ ಪ್ರಯೋಗ 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿಯಲ್ಲಿ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ, 6 ಅಗತ್ಯ ಔಷಧಿಗಳ ಸರಬರಾಜು, ಸರಳವಾದ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ವರದಿ. ಇಷ್ಟೇ ಅದರ ಬಂಡವಾಳ. ಈ "ಬಳ್ಳಾರಿ ಮಾದರಿ"ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೆ ಹೊರಟಿತು. ಅಂದರೆ ಇಂದು ಸಿರಿವಂತ ದೇಶಗಳು ಹೊಸ ವಿಚಾರವೆಂಬಂತೆ ಹೇಳುತ್ತಿರುವುದನ್ನು ತುಂಗಭದ್ರೆಯ ಬಯಲಿನಲ್ಲಿ ಎಂದೋ ಮಾಡಿ ನೋಡಿದ್ದಾರೆ.

ಹಣದ ಲೆಕ್ಕ ಬಂದದ್ದು ಅನಂತರ. ಬೆಂಗಳೂರಿನ ಹತ್ತಿರದ ಹಳ್ಳಿಗಳಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯ ಹತ್ತಿರದ ಹಳ್ಳಿಗಳಲ್ಲೂ ನಡೆಸಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಊರಿನ ಆರೋಗ್ಯ ಸೇವೆಯೊಳಗೇ ಮನಸ್ಸಿನ ಚಿಕಿತ್ಸೆಯನ್ನು ಸೇರಿಸಿದರೆ ರೋಗಿಗೆ ಏನಾಗುತ್ತದೆ, ಖರ್ಚಿಗೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆ. ನಾಲ್ಕು ಪ್ರದೇಶಗಳ ಪೈಕಿ ಮೂರರಲ್ಲಿ ರೋಗಿಗಳ ಸ್ಥಿತಿ ಸುಧಾರಿಸಿತು, ಒಟ್ಟು ಖರ್ಚು ಇಳಿಯಿತು. ಉಳಿದ ಒಂದು ಪ್ರದೇಶದಲ್ಲಿ ಹಾಗಾಗಲಿಲ್ಲ ಎಂಬುದನ್ನೂ ಮರೆಯಬಾರದು.

2005ರಲ್ಲಿ ಬಂದ ಇನ್ನೊಂದು ಅಧ್ಯಯನ ಗ್ರಾಮೀಣ ಕರ್ನಾಟಕದ್ದೇ. ಸ್ಕಿಜೋಫ್ರೇನಿಯಾ ಇದ್ದೂ ಚಿಕಿತ್ಸೆ ಕಾಣದಿದ್ದ 100 ಜನರಿಗೆ ಅವರ ಊರಿನಲ್ಲೇ ಚಿಕಿತ್ಸೆ ಕೊಟ್ಟು 18 ತಿಂಗಳು ಗಮನಿಸಿದರು. ಮಾತ್ರೆ, ವೈದ್ಯರ ಭೇಟಿಗಳಿಂದ ಚಿಕಿತ್ಸೆಯ ಖರ್ಚು ಸಹಜವಾಗಿಯೇ ಏರಿತು. ಆದರೆ ಮನೆಯವರು ಕಂಡವರ ಬಳಿ ಅಲೆದಾಡುವ ಖರ್ಚೂ, ರೋಗಿಯನ್ನು ಕಾಯುತ್ತ ಕೂರಬೇಕಾಗಿದ್ದ ಹೊತ್ತಿನ ಬೆಲೆಯೂ ಇಳಿದವು. ಏರಿದ್ದನ್ನು ಇಳಿದದ್ದು ಸರಿದೂಗಿಸಿತು. ಲಾಭವೆಂದರೆ ರೋಗಿಯ ಸುಧಾರಣೆ. ಅದು ಹೆಚ್ಚುವರಿ ಖರ್ಚಿಲ್ಲದೆ ಬಂದ ಹಾಗಾಯಿತು.

ನೆರೆಯ ಗೋವೆಯ ಲೆಕ್ಕ

ಇದೇ ಕೊಂಕಣದ ಕರಾವಳಿಯಲ್ಲಿ ಬಡಗಕ್ಕೆ ಹೋದರೆ ಗೋವೆ. ಅಲ್ಲಿ "ಮಾನಸ್" ಎಂಬ ಪ್ರಯೋಗ ನಡೆದು 2010ರಲ್ಲಿ ಅದರ ಫಲಿತಾಂಶ ಹೊರಬಿತ್ತು. 12 ಸರ್ಕಾರಿ ಆರೋಗ್ಯ ಕೇಂದ್ರಗಳು ಮತ್ತು 12 ಖಾಸಗಿ ವೈದ್ಯರ ಕ್ಲಿನಿಕ್ಕುಗಳು ಅದರಲ್ಲಿದ್ದವು. ಅರ್ಧದಷ್ಟು ಕಡೆಗಳಲ್ಲಿ ಎಂದಿನ ಚಿಕಿತ್ಸೆ. ಉಳಿದರ್ಧದಲ್ಲಿ ಡಾಕ್ಟರರ ಜೊತೆಗೆ ಒಬ್ಬ ಸಮಾಲೋಚಕಿ. ಈಕೆ ಡಾಕ್ಟರಲ್ಲ, ನರ್ಸೂ ಅಲ್ಲ. ಎಂಟು ವಾರಗಳ ತರಬೇತಿ ಪಡೆದ ಆ ಸೀಮೆಯದೇ ಹೆಣ್ಣುಮಗಳು. ಬಂದ ರೋಗಿಗಳಿಗೆ ಪ್ರಶ್ನೆಗಳ ಒಂದು ಸಣ್ಣ ಪಟ್ಟಿ, ಬೇಕಾದವರಿಗೆ ಮಾತು, ಉಸಿರಾಟದ ಅಭ್ಯಾಸ, ತೀರ ಅಗತ್ಯವಿದ್ದರೆ ಡಾಕ್ಟರರಿಂದ ಮಾತ್ರೆ, ಕಷ್ಟದ ಸಂದರ್ಭದಲ್ಲಿ ಮನೋವೈದ್ಯರ ಭೇಟಿ. ಹೀಗೆ ಹಂತ ಹಂತದ ವ್ಯವಸ್ಥೆ.

ಆರು ತಿಂಗಳ ಬಳಿಕ ನೋಡಿದಾಗ, ಸರ್ಕಾರಿ ಕೇಂದ್ರಗಳಲ್ಲಿ ಸಮಾಲೋಚಕಿ ಇದ್ದ ಕಡೆ 100ಕ್ಕೆ 65.9 ಮಂದಿ ಚೇತರಿಸಿಕೊಂಡಿದ್ದರು. ಇಲ್ಲದ ಕಡೆ 42.5 ಮಂದಿ. 2012ರಲ್ಲಿ ಪ್ರಕಟವಾದ ಖರ್ಚಿನ ವಿಶ್ಲೇಷಣೆ ಇನ್ನೂ ಕುತೂಹಲಕರ. ಸರ್ಕಾರಿ ಕೇಂದ್ರಗಳಲ್ಲಿ ಸಮಾಲೋಚಕಿಯ ಸಂಬಳವನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಟ್ಟು ಖರ್ಚು ಕಡಿಮೆಯಾಗಿಯೇ ಇತ್ತು. ರೋಗಿ ಬೇಗ ಚೇತರಿಸಿಕೊಂಡಾಗ ಆಸ್ಪತ್ರೆಯ ಭೇಟಿಗಳೂ ಕಡಿಮೆ, ಕೆಲಸ ತಪ್ಪಿದ ದಿನಗಳೂ ಕಡಿಮೆ. ಖಾಸಗಿ ಕ್ಲಿನಿಕ್ಕುಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಸಮುದ್ರದಾಚೆಯ ಅಮೆರಿಕದಲ್ಲೂ ಇಂಥದೇ ಲೆಕ್ಕವಿದೆ. ಅಲ್ಲಿ ಖಿನ್ನತೆಯಿದ್ದ, 60 ದಾಟಿದ ಹಿರಿಯರಿಗೆ ಅವರ ಎಂದಿನ ಡಾಕ್ಟರರ ಕ್ಲಿನಿಕ್ಕಿನಲ್ಲೇ ಮನಸ್ಸಿನ ಆರೈಕೆಯನ್ನೂ ಕೊಟ್ಟರು. ಆ ಹೆಚ್ಚುವರಿ ಆರೈಕೆಗೆ ತಲೆಗೆ ಸುಮಾರು 522 ಡಾಲರ್ ತಗುಲಿತು. ನಾಲ್ಕು ವರ್ಷಗಳ ಒಟ್ಟು ವೈದ್ಯಕೀಯ ವೆಚ್ಚವನ್ನು 2008ರಲ್ಲಿ ಹೋಲಿಸಿದಾಗ, ಎಂದಿನ ಚಿಕಿತ್ಸೆ ಪಡೆದವರದು ಸರಾಸರಿ 32,785 ಡಾಲರ್, ಕೂಡು ಚಿಕಿತ್ಸೆ ಪಡೆದವರದು 29,422 ಡಾಲರ್. ವ್ಯತ್ಯಾಸ 3,363 ಡಾಲರ್. ಇದು ಆಕಸ್ಮಿಕವಲ್ಲ, ನಿಜವಾದ ಉಳಿತಾಯವೇ ಎಂಬುದಕ್ಕೆ 100ರಲ್ಲಿ 87 ಪಾಲು ಸಾಧ್ಯತೆ ಇದೆಯೆಂದು ಸಂಶೋಧಕರು ಪ್ರಾಮಾಣಿಕವಾಗಿ ಬರೆದರು. ಖಂಡಿತ ಎಂದು ಹೇಳಲಿಲ್ಲ.

ಯಾರ ಕಿಸೆ, ಯಾರ ಉಳಿತಾಯ?

ಇಷ್ಟು ಒಳ್ಳೆಯ ಲೆಕ್ಕವಿದ್ದರೆ ಎಲ್ಲ ಆಸ್ಪತ್ರೆಗಳೂ ಇದನ್ನು ಏಕೆ ಮಾಡುತ್ತಿಲ್ಲ? ಉತ್ತರ ಅಜೆಕಾರಿನ ತಾಯಿಯ ಪುಸ್ತಕದಲ್ಲೇ ಇದೆ. ಸಮಾಲೋಚಕಿಗೆ ಸಂಬಳ ಕೊಡಬೇಕಾದದ್ದು ಆಸ್ಪತ್ರೆ ಅಥವಾ ಸರ್ಕಾರ. ಉಳಿತಾಯವಾದದ್ದು ತಾಯಿಗೆ: ತಪ್ಪಿದ ಸ್ಕ್ಯಾನಿಂಗು, ತಪ್ಪಿದ ಬಸ್ಸು ಚಾರ್ಜು, ತಪ್ಪದ ಬೀಡಿ ಮಜೂರಿ. ಖರ್ಚು ಒಬ್ಬರ ಪುಸ್ತಕದಲ್ಲಿ, ಲಾಭ ಇನ್ನೊಬ್ಬರ ಪುಸ್ತಕದಲ್ಲಿ. ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟು ಕೂಡುವವರು ಇಲ್ಲವಾದರೆ "ಮನಸ್ಸಿನ ಚಿಕಿತ್ಸೆ ದುಬಾರಿ, ಅದಕ್ಕೆ ಅನುದಾನವಿಲ್ಲ" ಎಂಬ ಮಾತೇ ಉಳಿಯುತ್ತದೆ. ಪರೀಕ್ಷೆಗಳ ಮೇಲೆಯೇ ಆದಾಯ ನಿಂತಿರುವ ಕಡೆಯಂತೂ, ಒಂದು ಪ್ರಶ್ನೆ ಕೇಳಿ ಮೂರು ಪರೀಕ್ಷೆ ಉಳಿಸಿದರೆ ಅದು ಅಲ್ಲಿಯ ಲೆಕ್ಕದಲ್ಲಿ ನಷ್ಟವಾಗಿಯೇ ಕಂಡೀತು.

ಕೂಡು ಚಿಕಿತ್ಸೆಯಿಂದ ಯಾವಾಗಲೂ, ಎಲ್ಲ ಕಡೆಯೂ ಹಣ ಉಳಿಯುತ್ತದೆ ಎಂದು ಹೇಳಿದರೆ ಅದು ಅತಿಯಾಗುತ್ತದೆ. ಇಷ್ಟು ಕಾಲ ಚಿಕಿತ್ಸೆಯನ್ನೇ ಕಾಣದವರು ಚಿಕಿತ್ಸೆಗೆ ಬಂದರೆ ಆರಂಭದಲ್ಲಿ ಖರ್ಚು ಏರಲೂಬಹುದು. ಹಾಗೆ ಬಾರದೆ ಉಳಿದವರು ಸ್ವಲ್ಪವಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 100ಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. 13ರಿಂದ 17 ವರ್ಷದ ಮಕ್ಕಳಲ್ಲಿ ಈ ಪ್ರಮಾಣ 7.3. ಕಾಯಿಲೆಗೆ ತಕ್ಕಂತೆ 100ಕ್ಕೆ 70ರಿಂದ 92 ಮಂದಿ ಸರಿಯಾದ ಚಿಕಿತ್ಸೆಯ ಹೊರಗೇ ಇದ್ದರು. ಚಿಕಿತ್ಸೆ ಪಡೆಯುತ್ತಿದ್ದ ಮನೆಗಳು ಅದಕ್ಕೂ ಓಡಾಟಕ್ಕೂ ಸೇರಿ ತಿಂಗಳಿಗೆ 1,000ದಿಂದ 1,500 ರೂಪಾಯಿಯಷ್ಟು ಕೈಯಿಂದಲೇ ಹಾಕುತ್ತಿದ್ದವು. ಆ ಮೊತ್ತದಲ್ಲಿ ಓಡಾಟದ ಪಾಲನ್ನಾದರೂ ಊರಿನಲ್ಲೇ ಸಿಗುವ ಚಿಕಿತ್ಸೆ ಇಳಿಸಬಲ್ಲದು.

ಅಜ್ಜಿಯ ಸಕ್ಕರೆ

ಹುಡುಗನ ಹೊಟ್ಟೆನೋವಿನ ಗದ್ದಲದಲ್ಲಿ ಒಳಕೋಣೆಯ ಅಜ್ಜಿಯನ್ನು ಮರೆತದ್ದಾಯಿತು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಗೆ ಯಾವುದರಲ್ಲೂ ಆಸಕ್ತಿಯಿಲ್ಲ. ಮಾತ್ರೆ ನುಂಗಿದರೂ ಸರಿ, ಬಿಟ್ಟರೂ ಸರಿ. "ಇನ್ನೆಷ್ಟು ದಿನ ಮಗಾ, ಸಾಕು" ಎನ್ನುತ್ತಾರೆ. ಪ್ರಾಯದವರು ಹೀಗೆ ಹೇಳುವುದೇ ಅಂತ ಮನೆಯವರೂ ಸುಮ್ಮನಿರುತ್ತಾರೆ. ಸಕ್ಕರೆ ಏರುತ್ತದೆ, ಕಾಲಿನ ಸಣ್ಣ ಗಾಯ ಮಾಯುವುದಿಲ್ಲ. ಮುಂದೆ ಮಣಿಪಾಲದಲ್ಲಿ ಅಡ್ಮಿಟ್ ಮಾಡುವ ದಿನ ಬಂದರೆ ಆ ಬಿಲ್ಲಿನಲ್ಲಿ "ಖಿನ್ನತೆ" ಎಂಬ ಪದ ಎಲ್ಲೂ ಇರುವುದಿಲ್ಲ. ಕಾಲಿನ ಗಾಯವಷ್ಟೇ ಇರುತ್ತದೆ.

ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಒಂದರ ಬೆನ್ನಿಗೊಂದು ಬರುವುದು ವೈದ್ಯರಿಗೆ ಹೊಸದಲ್ಲ. ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ ಮತ್ತು ದೆಹಲಿಯ ನಾಲ್ಕು ಸಕ್ಕರೆ ಕಾಯಿಲೆ ಚಿಕಿತ್ಸಾಲಯಗಳಲ್ಲಿ ಎರಡೂ ಇದ್ದ 404 ಜನರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಸಕ್ಕರೆಯ ಡಾಕ್ಟರರ ಕ್ಲಿನಿಕ್ಕಿನಲ್ಲೇ ಆರೈಕೆಯ ಸಂಯೋಜಕರೊಬ್ಬರು; ಅವರು ರೋಗಿಯ ಸಕ್ಕರೆ, ರಕ್ತದೊತ್ತಡದ ಜೊತೆಗೆ ಮನಸ್ಸಿನ ಸ್ಥಿತಿಯನ್ನೂ ಗಮನಿಸುತ್ತಿದ್ದರು, ತಜ್ಞರು ಆಗಾಗ ಕೂತು ಆ ದಾಖಲೆಗಳನ್ನು ಪರಿಶೀಲಿಸುತ್ತಿದ್ದರು. ಎರಡು ವರ್ಷಗಳ ಬಳಿಕ ಖಿನ್ನತೆ ಅರ್ಧದಷ್ಟಾದರೂ ಇಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇವುಗಳಲ್ಲಿ ಒಂದಾದರೂ ಗುರುತಿಸುವಷ್ಟು ಸುಧಾರಿಸಿದವರು ಈ ಗುಂಪಿನಲ್ಲಿ 100ಕ್ಕೆ 71.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 57.4. ಮನಸ್ಸು ಎದ್ದು ಕೂತಾಗ ಮಾತ್ರೆಯೂ ಸಮಯಕ್ಕೆ ಒಳಗೆ ಹೋಗುತ್ತದೆ, ನಡೆಯಲು ಕಾಲೂ ಹೊರಡುತ್ತದೆ.

ಹತ್ತಿರದಲ್ಲೇ ಇರುವುದು

ಉಡುಪಿ ಜಿಲ್ಲೆ ವೈದ್ಯಕೀಯದಲ್ಲಿ ಬಡವಲ್ಲ. ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇದೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನಸ್ಸಿನ ಕಾಯಿಲೆಗಳಿಗೂ ಮದ್ಯದ ಚಟ ಬಿಡಿಸುವುದಕ್ಕೂ ಹೆಸರಾದದ್ದು. ಆದರೆ ಅಜೆಕಾರಿನಂಥ ಊರಿನವರಿಗೆ ದೂರವೆಂದರೆ ಬಸ್ಸಿನ ದೂರ ಮಾತ್ರವಲ್ಲ. "ಆ ಆಸ್ಪತ್ರೆಯ ಗೇಟಿನಲ್ಲಿ ಯಾರಾದರೂ ಕಂಡರೆ?" ಎಂಬ ಅಳುಕಿನ ದೂರವೂ ಇದೆ. ಊರಿನ ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಕೂತವರನ್ನು ಯಾರೂ ಹಾಗೆ ನೋಡುವುದಿಲ್ಲ. ಜ್ವರಕ್ಕೆ ಬಂದವರೂ ಅಲ್ಲೇ, ನಿದ್ದೆ ಬಾರದವರೂ ಅಲ್ಲೇ. ಕೂಡು ಚಿಕಿತ್ಸೆಯ ದೊಡ್ಡ ಗುಣವೇ ಇದು: ನಾಚಿಕೆಯ ಖರ್ಚನ್ನೂ ಅದು ಇಳಿಸುತ್ತದೆ.

ಇದಕ್ಕೆ ದಾರಿಗಳು ಇಲ್ಲದಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ "ಮನೋಚೈತನ್ಯ" ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಆರೋಗ್ಯ ಕೇಂದ್ರಗಳು ಕೊಡಬೇಕಾದ ಸೇವೆಗಳ ಪಟ್ಟಿಗೆ ಮಾನಸಿಕ ಆರೋಗ್ಯವೂ ಸೇರಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ; 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಹಣ ಕೊಡುವುದರಿಂದ, ಸಮಾಲೋಚನೆಯ ಫೀಸು ಈಗಲೂ ಬಹುಮಟ್ಟಿಗೆ ಕೈಯಿಂದಲೇ ಹೋಗುತ್ತದೆ.

ಬಾಕಿ ಇರುವುದು ಈ ಎಲ್ಲವನ್ನೂ ಒಂದೇ ಕೋಣೆಗೆ ತರುವ ಕೆಲಸ. ಖಿನ್ನತೆಯನ್ನು ಗುರುತಿಸಲು ವೈದ್ಯರು ಬಳಸುವ ಒಂದು ಪಟ್ಟಿಯಲ್ಲಿ ಇರುವುದು ಬರೇ 9 ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಕೆಲಸದಲ್ಲಿ ಮನಸ್ಸಿತ್ತೇ, ಬದುಕು ಸಾಕೆನಿಸಿತೇ, ಹೀಗೆ. ಐದು ನಿಮಿಷದ ಕೆಲಸ. ರಕ್ತದೊತ್ತಡ ನೋಡುವ ಹಾಗೆ ಇದನ್ನೂ ನೋಡುವ ರೂಢಿಯಾದರೆ ಚೀಟಿಯಲ್ಲಿ ಒಂದು ಸಾಲು ಹೆಚ್ಚುತ್ತದೆ, ಅಷ್ಟೆ. ಜನಸಂದಣಿಯ ನಡುವೆ ಒಬ್ಬರೇ ಡಾಕ್ಟರರಿಗೆ ಆ ಐದು ನಿಮಿಷವೂ ಸಿಗುವುದಿಲ್ಲ ಎಂಬುದು ನಿಜ. ಗೋವೆಯ ಪ್ರಯೋಗ ಉತ್ತರಿಸಿದ್ದು ಅದನ್ನೇ: ತರಬೇತಿ ಪಡೆದ ಇನ್ನೊಬ್ಬರು ಪಕ್ಕದಲ್ಲಿದ್ದರೆ ಸಾಕು.

ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಇನ್ನೊಂದು ಲೆಕ್ಕ ಉಂಟು. ಅದನ್ನು ಯಾವ ಅಧ್ಯಯನವೂ ಪೂರ್ತಿ ಬರೆದಿಲ್ಲ. ದೊಡ್ಡವರ ಕಾಯಿಲೆಯಲ್ಲಿ ಹೋಗುವುದು ಮಜೂರಿ. ಪಿಯುಸಿಯ ಹುಡುಗ ಹುಡುಗಿಯರ ಕಾಯಿಲೆಯಲ್ಲಿ ಹೋಗುವುದು ಒಂದು ವರ್ಷ, ಕೆಲವೊಮ್ಮೆ ತನ್ನ ಮೇಲೆ ತನಗಿದ್ದ ನಂಬಿಕೆ, ಕೆಲವೊಮ್ಮೆ ಜೀವವೇ. ಅಪ್ಪ ಅಮ್ಮಂದಿರು "ದುಡ್ಡಿನ ಮುಖ ನೋಡಬೇಡ" ಎನ್ನುವುದು ಪ್ರೀತಿಯಿಂದಲೇ. ಆ ಪ್ರೀತಿ ಸ್ಕ್ಯಾನಿಂಗಿಗೆ ಎಷ್ಟು ಧಾರಾಳವೋ ಮಾತಿಗೂ ಅಷ್ಟೇ ಧಾರಾಳವಾಗಬೇಕು. ಮುಂದಿನ ಸಲ ಮಗನನ್ನೋ ಮಗಳನ್ನೋ ಹೊಟ್ಟೆನೋವಿಗೆ, ತಲೆನೋವಿಗೆ ಕರೆದುಕೊಂಡು ಹೋದಾಗ ಹೆತ್ತವರು ಡಾಕ್ಟರರಲ್ಲಿ ಒಂದು ಮಾತು ಸೇರಿಸಬಹುದು: "ಇವನ ನಿದ್ದೆ, ಚಿಂತೆಯ ವಿಷಯವನ್ನೂ ಒಮ್ಮೆ ಕೇಳಿ ನೋಡಿ ಡಾಕ್ಟ್ರೇ." ಮಕ್ಕಳೂ ಅಷ್ಟೆ, ನೋವು ಯಾವ ದಿನ ಬರುತ್ತದೆ, ಯಾವ ದಿನ ಬರುವುದಿಲ್ಲ ಎಂಬುದನ್ನು ಅಡಗಿಸದೆ ಹೇಳಬಹುದು. ಇಷ್ಟಕ್ಕೆ ಯಾವ ಆಸ್ಪತ್ರೆಯಲ್ಲೂ ಬೇರೆ ಫೀಸು ಇಲ್ಲ.